ಗಂಜಲ ನೋಡಿ ದೋಷ ಹುಡುಕುವುದು: ಹೈನುರಾಸು ಸಾಕುವವರಿಗೆ ಕೈಪಿಡಿ

ರಾಸು ಮೇವು ಬಿಟ್ಟರೆ ಕೆಚ್ಚಲು ಮುಟ್ಟಿ ನೋಡುತ್ತೇವೆ, ಕಿವಿ ಹಿಡಿದು ಜ್ವರ ನೋಡುತ್ತೇವೆ, ಸಗಣಿ ಗಟ್ಟಿಯೋ ತೆಳುವೋ ನೋಡುತ್ತೇವೆ. ಗಂಜಲ ಮಾತ್ರ ಯಾರೂ ನೋಡುವ ಮೊದಲೇ ಚರಂಡಿಗೆ ಹರಿದು ಹೋಗಿರುತ್ತದೆ. ರಕ್ತದಲ್ಲಿ ಹೆಚ್ಚಾದದ್ದನ್ನು ಮೂತ್ರಪಿಂಡ ಸೋಸಿ ಅದರಲ್ಲಿ ಹೊರಗೆ ಕಳಿಸುತ್ತದೆ: ಕೊಬ್ಬು ಕರಗಿದಾಗ ಕೀಟೋನ್, ಕೆಂಪು ರಕ್ತಕಣ ಒಡೆದಾಗ ಹಿಮೋಗ್ಲೋಬಿನ್, ಹೊಟ್ಟೆ ಹುಳಿಯಾದಾಗ ಆಮ್ಲ, ಯಕೃತ್ತು ಕೆಟ್ಟಾಗ ಪಿತ್ತದ ಬಣ್ಣ. ಇವುಗಳಲ್ಲಿ ಕೆಲವನ್ನು ಬರಿಗಣ್ಣಿನಲ್ಲಿ, ಕೆಲವನ್ನು ಮೂಗಿನಲ್ಲಿ, ಉಳಿದವನ್ನು ಮೆಡಿಕಲ್ ಶಾಪಿನಲ್ಲಿ ಸಿಗುವ, ಅದ್ದಿದರೆ ಬಣ್ಣ ಬದಲಾಗುವ ಪರೀಕ್ಷಾ ಪಟ್ಟಿಯಲ್ಲಿ ಹಿಡಿಯಬಹುದು.

ತೊಂದರೆ ಏನೆಂದರೆ ಒಂದೇ ಬಣ್ಣಕ್ಕೆ ಐದಾರು ಕಾರಣ ಇರುತ್ತವೆ. ಹಾಗಾಗಿ ಬಾಟಲಿ ಕೈಗೆತ್ತಿಕೊಳ್ಳುವ ಮೊದಲು ಮೂರು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ಕರು ಹಾಕಿ ಎಷ್ಟು ದಿನ ಆಯಿತು? ಜ್ವರ ಎಷ್ಟಿದೆ? ಕಳೆದ ಮೂರು ದಿನದಲ್ಲಿ ಮೇವು, ಇಂಜೆಕ್ಷನ್, ಔಷಧಿಯಲ್ಲಿ ಏನು ಬದಲಾಗಿದೆ? ಮುಂದೆ ಬರುವ ಪ್ರತಿ ಲಕ್ಷಣವನ್ನೂ ಈ ಮೂರರ ಜೊತೆ ಇಟ್ಟು ಓದಬೇಕು.

ಮೊದಲು ಸಾಮಾನು, ಆಮೇಲೆ ಮಾದರಿ

ಬೇಕಾದದ್ದು ಇಷ್ಟೇ: ಬಣ್ಣವಿಲ್ಲದ ಗಾಜಿನ ಬಾಟಲಿ, ಥರ್ಮಾಮೀಟರ್, 5ರಿಂದ 9ರವರೆಗೆ ತೋರಿಸುವ ಪಿಎಚ್ (ಆಮ್ಲ–ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) ಕಾಗದ, ಕೀಟೋನ್ ಪಟ್ಟಿ, ರಬ್ಬರ್ ಗ್ಲೌಸ್. ಪಟ್ಟಿ ಮನುಷ್ಯರಿಗೆಂದು ಮಾಡಿದ್ದಾದರೂ ನಡೆಯುತ್ತದೆ. ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ಕೊಟ್ಟಿಗೆಯ ತೇವಕ್ಕೆ ಪಟ್ಟಿ ವಾರದಲ್ಲೇ ಹಾಳಾಗುತ್ತದೆ. ಕೀಟೋನ್ ಚೌಕ ಡಬ್ಬಿಯಿಂದ ತೆಗೆದಾಗಲೇ ಕಂದು ಬಣ್ಣಕ್ಕೆ ತಿರುಗಿದ್ದರೆ ಆ ಪಟ್ಟಿ ಬಿಸಾಡಿ.

ಮಾದರಿ ಹಿಡಿಯುವುದಕ್ಕೆ ಕಾದು ಕೂರಬೇಕಾಗಿಲ್ಲ. ಹಸುವಿನ ಯೋನಿದ್ವಾರದ ಕೆಳಗಿನ ಮೆತ್ತನೆಯ ಚರ್ಮವನ್ನು ಬೆರಳ ತುದಿಯಿಂದ ಮೇಲೆ ಕೆಳಗೆ ಹಗುರವಾಗಿ ಸವರುತ್ತಿದ್ದರೆ ಬಹಳಷ್ಟು ಹಸುಗಳು ಒಂದೆರಡು ನಿಮಿಷದಲ್ಲಿ ಬೆನ್ನು ಬಾಗಿಸಿ ಗಂಜಲ ಹಾಕುತ್ತವೆ. ಮಲಗಿದ್ದ ಹಸುವನ್ನು ಎಬ್ಬಿಸಿದ ತಕ್ಷಣ ಮಾಡಿದರೆ ಇನ್ನೂ ಸಲೀಸು. ಬಾಲವನ್ನು ಪಕ್ಕಕ್ಕೆ ಹಿಡಿದು, ಮೊದಲ ಧಾರೆ ನೆಲಕ್ಕೆ ಬಿಟ್ಟು, ನಡುವಿನ ಧಾರೆಯನ್ನು ಹಿಡಿಯಿರಿ. 50 ಮಿ.ಲೀ. ಸಾಕು.

ಹಿಡಿದ ಅರ್ಧ ಗಂಟೆಯೊಳಗೆ ಪಟ್ಟಿ ಮತ್ತು ಕಾಗದದ ಪರೀಕ್ಷೆ ಮುಗಿಯಬೇಕು. ಹಾಗೇ ಇಟ್ಟರೆ ಎರಡು ಕಡೆಯಿಂದ ತಪ್ಪು ಫಲಿತಾಂಶ ಬರುತ್ತದೆ. ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಪಿಎಚ್ ಏರುತ್ತದೆ. ಪಟ್ಟಿ ಗುರುತಿಸುವ ಅಸಿಟೋಅಸಿಟೇಟ್ ಒಡೆದು ಅಸಿಟೋನ್ ಆಗಿ ಗಾಳಿಗೆ ಹೋಗುತ್ತದೆ, ಕೀಟೋನ್ ಇದ್ದೂ ಇಲ್ಲವೆಂದು ತೋರುತ್ತದೆ. ಬೆಳಗ್ಗೆ ಹಿಡಿದದ್ದನ್ನು ಮಧ್ಯಾಹ್ನ ಡಾಕ್ಟರ್ ಬಂದ ಮೇಲೆ ನೋಡುವುದು ವ್ಯರ್ಥ. ತಡವಾಗುವುದಾದರೆ ಮುಚ್ಚಳ ಬಿಗಿ ಮಾಡಿ ಫ್ರಿಜ್ಜಿನಲ್ಲಿಡಿ.

ಆರೋಗ್ಯವಾಗಿರುವ ದೊಡ್ಡ ಹಸುವಿನ ಗಂಜಲ ತಿಳಿ ಹಳದಿ, ಪಾರದರ್ಶಕ. ಪಿಎಚ್ 7.4ರಿಂದ 8.4, ಅಂದರೆ ಕ್ಷಾರದ ಕಡೆಗೆ. ಹುಲ್ಲು ತಿನ್ನುವ ಪ್ರಾಣಿಗಳಲ್ಲಿ ಇದು ಸಹಜ. ಹಾಲು ಮಾತ್ರ ಕುಡಿಯುವ ಕರುವಿನದು ಆಮ್ಲೀಯ ಇರುತ್ತದೆ, ಅದನ್ನು ಕಾಯಿಲೆ ಎಂದುಕೊಳ್ಳಬೇಡಿ. ಕ್ಷಾರದಿಂದಾಗಿ ಇನ್ನೊಂದು ಗೊಂದಲವೂ ಇದೆ: ಹತ್ತು ಚೌಕದ ಪಟ್ಟಿಯಲ್ಲಿ ಪ್ರೋಟೀನ್ ಚೌಕ ಹಸುವಿನ ಗಂಜಲಕ್ಕೆ ಸುಮ್ಮಸುಮ್ಮನೆ ಹಸಿರಾಗುತ್ತದೆ, ಸಾಂದ್ರತೆಯ ಚೌಕ ಕಡಿಮೆ ತೋರಿಸುತ್ತದೆ. ಬಿಳಿ ರಕ್ತಕಣ ಮತ್ತು ನೈಟ್ರೈಟ್ ಚೌಕಗಳನ್ನು ರಾಸುಗಳಲ್ಲಿ ನಂಬುವಂತಿಲ್ಲ. ನಮಗೆ ಬೇಕಾದವು ಕೀಟೋನ್, ರಕ್ತ, ಪಿಎಚ್, ಪಿತ್ತ, ಉಳಿದವನ್ನು ಬಿಡಿ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಇಲಿ ಜ್ವರದ ರೋಗಾಣು ರಾಸುವಿನ ಗಂಜಲದಲ್ಲೂ ಬರುತ್ತದೆ, ಕೈಯ ಗಾಯದಿಂದಲೋ ಕಣ್ಣಿಗೆ ಸಿಡಿದೋ ಮನುಷ್ಯರಿಗೆ ಅಂಟುತ್ತದೆ. ಗ್ಲೌಸ್ ಹಾಕಿ, ಮುಖ ದೂರ ಇಡಿ, ಮೂಸಬೇಕಾದರೆ ಬಾಟಲಿಗೆ ಮೂಗು ಹಚ್ಚದೆ ಕೈಯಿಂದ ಗಾಳಿ ಬೀಸಿಕೊಂಡು ಮೂಸಿ. ಕಾಯಿಲೆ ಬಿದ್ದ ಅಥವಾ ಔಷಧಿ ನಡೆಯುತ್ತಿರುವ ಹಸುವಿನ ಗಂಜಲವನ್ನು ಜೀವಾಮೃತಕ್ಕೆ ಬಳಸಬೇಡಿ, ಬೇರೆ ಯಾವುದಕ್ಕೂ ಬೇಡ.

ಹಿಂಡಿ ಬೇಡ ಎನ್ನುತ್ತದೆ, ಒಣಹುಲ್ಲು ತಿನ್ನುತ್ತದೆ, ಹಾಲು ಇಳಿದಿದೆ

ಕರು ಹಾಕಿ ಎರಡರಿಂದ ಆರು ವಾರದೊಳಗಿನ, ದಿನಕ್ಕೆ 15–20 ಲೀಟರ್ ಕೊಡುವ ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್) ಮಿಶ್ರತಳಿ ಹಸುವಿನಲ್ಲಿ ಇದು ಕಂಡರೆ ಮೊದಲ ಸಂಶಯ ಕೀಟೋಸಿಸ್ ಮೇಲೆ. ತಿನ್ನುವುದನ್ನು ಬಿಡುವುದರಲ್ಲೂ ಒಂದು ಕ್ರಮ ಇದೆ: ಮೊದಲು ಹಿಂಡಿ–ಬೂಸ, ಆಮೇಲೆ ಹಸಿಮೇವು, ಕೊನೆಗೆ ಒಣಹುಲ್ಲು. ಸಗಣಿ ಗಟ್ಟಿಯಾಗಿ, ಮೇಲೆ ಲೋಳೆ ಹೊಳೆಯುತ್ತದೆ. ಕೆಲವು ಹಸು ಗೋಡೆ, ಗೂಟ, ತನ್ನದೇ ಮೈಯನ್ನು ಬಿಡದೆ ನೆಕ್ಕುತ್ತದೆ, ಇದ್ದಲ್ಲೇ ಸುತ್ತುತ್ತದೆ, ಬಾಯಲ್ಲಿ ಏನೂ ಇಲ್ಲದೆ ಅಗಿಯುತ್ತದೆ.

ಕಾರಣ ಸಕ್ಕರೆಯ ಲೆಕ್ಕ. ಇಪ್ಪತ್ತು ಲೀಟರ್ ಹಾಲಿನಲ್ಲಿ ಸುಮಾರು ಒಂದು ಕಿಲೋ ಲ್ಯಾಕ್ಟೋಸ್ ಹೋಗುತ್ತದೆ, ಅದಕ್ಕೆ ಬೇಕಾದ ಗ್ಲೂಕೋಸಿನ ಬಹುಪಾಲನ್ನು ಯಕೃತ್ತೇ ತಯಾರಿಸಬೇಕು. ಕರು ಹಾಕಿದ ಹೊಸದರಲ್ಲಿ ಹಸುವಿನ ಹೊಟ್ಟೆ ಇನ್ನೂ ಪೂರ್ತಿ ತಿನ್ನುವ ಸ್ಥಿತಿಗೆ ಬಂದಿರುವುದಿಲ್ಲ, ಹಾಲು ಮಾತ್ರ ಏರುತ್ತಿರುತ್ತದೆ. ಕೊರತೆ ತುಂಬಲು ಮೈಯ ಕೊಬ್ಬು ಕರಗುತ್ತದೆ. ಅಷ್ಟು ಕೊಬ್ಬನ್ನು ಯಕೃತ್ತು ಪೂರ್ತಿ ಸುಡಲಾಗದೆ ಅರ್ಧಕ್ಕೇ ನಿಲ್ಲಿಸಿದ್ದು ಕೀಟೋನ್.

ಹೀಗೆ ಪರೀಕ್ಷಿಸಿ:

1. ಮೂಗು. ಹಸುವಿನ ಉಸಿರು, ಗಂಜಲ, ಹಾಲಿನಲ್ಲಿ ಅತಿ ಹಣ್ಣಾದ ಹಣ್ಣಿನ ಅಥವಾ ನೇಲ್ ಪಾಲಿಶ್ ಒರೆಸುವ ದ್ರವದ ವಾಸನೆ. ಎಲ್ಲರ ಮೂಗಿಗೂ ಇದು ಸಿಗುವುದಿಲ್ಲ, ಸಿಗದಿದ್ದರೆ ಇಲ್ಲವೆಂದು ತೀರ್ಮಾನಿಸಬೇಡಿ.

2. ಪಟ್ಟಿ. ತಾಜಾ ಗಂಜಲದಲ್ಲಿ ಅದ್ದಿ, ಅಂಚನ್ನು ಬಾಟಲಿಯ ಕಂಠಕ್ಕೆ ಒರೆಸಿ, ಸರಿಯಾಗಿ 15 ಸೆಕೆಂಡಿಗೆ ಬಣ್ಣ ಓದಿ (ಹಲವು ಚೌಕದ ಪಟ್ಟಿಗೆ ಡಬ್ಬಿಯ ಮೇಲೆ ಬರೆದ ಸಮಯ). ಎರಡು ನಿಮಿಷ ಬಿಟ್ಟು ನೋಡಿದರೆ ಯಾವ ಪಟ್ಟಿಯೂ ಗಾಢವಾಗಿ ಕಾಣುತ್ತದೆ. ಡೆಸಿಲೀಟರಿಗೆ 5 ಮಿ.ಗ್ರಾಂ. ಎಂಬ ಮಸುಕು ಗುಲಾಬಿ ಹೊಸದಾಗಿ ಕರು ಹಾಕಿದ ಒಳ್ಳೆಯ ಹಸುವಿನಲ್ಲಿ ಮಾಮೂಲು. 15 ಬಂದರೆ ಸಂಶಯ, ನಾಳೆ ಮತ್ತೆ ನೋಡಿ. 40 ಅಥವಾ ಅದಕ್ಕಿಂತ ಗಾಢ ನೇರಳೆ ಬಂದು, ಜೊತೆಗೆ ಮೇಲಿನ ಲಕ್ಷಣಗಳೂ ಇದ್ದರೆ ಕೀಟೋಸಿಸ್ ಎಂದೇ ಹಿಡಿದು ಡಾಕ್ಟರನ್ನು ಕರೆಯಿರಿ.

3. ರೊಥೆರಾ ಪರೀಕ್ಷೆ. ಪಶು ಆಸ್ಪತ್ರೆಯ ಲ್ಯಾಬಿನಲ್ಲಿ ಮಾಡುತ್ತಾರೆ. 5 ಮಿ.ಲೀ. ಗಂಜಲಕ್ಕೆ ಇನ್ನು ಕರಗದು ಎನ್ನುವಷ್ಟು ಅಮೋನಿಯಂ ಸಲ್ಫೇಟ್ ಹಾಕಿ, ಆಗಷ್ಟೇ ಮಾಡಿದ ಸೋಡಿಯಂ ನೈಟ್ರೋಪ್ರುಸೈಡ್ ದ್ರಾವಣ ಕೆಲವು ಹನಿ ಸೇರಿಸಿ, ಕೊಳವೆಯ ಬದಿಯಿಂದ ಅಮೋನಿಯಾ ದ್ರಾವಣ ಇಳಿಸಿದರೆ ಎರಡರ ನಡುವೆ ನೇರಳೆ ಉಂಗುರ ಕಟ್ಟುತ್ತದೆ. ನೈಟ್ರೋಪ್ರುಸೈಡ್ ವಿಷ, ಮನೆಯಲ್ಲಿ ಇಟ್ಟುಕೊಳ್ಳುವ ವಸ್ತುವಲ್ಲ.

4. ಅದೇ ಪರೀಕ್ಷೆ ಹಾಲಿಗೆ. ಗಂಜಲದಲ್ಲಿ ಕೀಟೋನ್ ರಕ್ತಕ್ಕಿಂತ ಹಲವು ಪಟ್ಟು ಸಾಂದ್ರವಾಗಿರುತ್ತದೆ, ಹಾಲಿನಲ್ಲಿ ರಕ್ತಕ್ಕಿಂತ ಕಡಿಮೆ. ಹೀಗಾಗಿ ಗಂಜಲ ಬೇಗ ಎಚ್ಚರಿಸುತ್ತದೆ, ಆದರೆ ಕೆಲವೊಮ್ಮೆ ಅನಗತ್ಯವಾಗಿಯೂ ಹೆದರಿಸುತ್ತದೆ. ಹಾಲಿನಲ್ಲೂ ಬಣ್ಣ ಬಂದರೆ ಅನುಮಾನಕ್ಕೆ ಎಡೆಯಿಲ್ಲ. ಡಾಕ್ಟರ ಬಳಿ ರಕ್ತದ ಮೀಟರ್ ಇದ್ದರೆ ಲೀಟರಿಗೆ 1.2 ಮಿಲಿಮೋಲ್ ದಾಟಿದ ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ (ರಕ್ತದ ಮುಖ್ಯ ಕೀಟೋನ್) ಅಂದರೆ ಒಳಗೊಳಗಿನ ಕೀಟೋಸಿಸ್; 3ರ ಆಸುಪಾಸು ಬಂದರೆ ಲಕ್ಷಣ ಹೊರಗೇ ಕಾಣುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಬೆಲ್ಲ. ಸಕ್ಕರೆ ಕಡಿಮೆಯಾಗಿದೆ ಎಂದು ಕಿಲೋ ಬೆಲ್ಲ ಕರಗಿಸಿ ಕುಡಿಸುತ್ತಾರೆ. ಅದು ರಕ್ತಕ್ಕೆ ಸಕ್ಕರೆಯಾಗಿ ಹೋಗುವುದೇ ಇಲ್ಲ. ಮೆಲುಕು ಚೀಲದ ಸೂಕ್ಷ್ಮಾಣುಗಳು ಮೊದಲೇ ತಿಂದು ಆಮ್ಲ ಮಾಡುತ್ತವೆ. ಅದರಲ್ಲಿ ಬ್ಯುಟಿರಿಕ್ ಆಮ್ಲದ ಪಾಲೂ ಇದ್ದು, ಅದು ಮತ್ತೆ ಕೀಟೋನ್ ಆಗುವ ದಾರಿಯಲ್ಲೇ ಇದೆ. ಮೇಲಿಂದ ಹೊಟ್ಟೆ ಹುಳಿಯಾಗುವ ಅಪಾಯ ಬೇರೆ. ಬಾಯಿಂದ ಕೊಡುವುದಾದರೆ ಕೆಲಸ ಮಾಡುವುದು ಪ್ರೊಪಿಲೀನ್ ಗ್ಲೈಕಾಲ್: ದಿನಕ್ಕೊಮ್ಮೆ 300 ಮಿ.ಲೀ., ಮೂರರಿಂದ ಐದು ದಿನ. ಹೆಚ್ಚು ಕೊಟ್ಟರೆ ಹಸು ಅಮಲೇರಿದಂತೆ ತೂರಾಡುತ್ತದೆ. ಹೆಸರು ಒಂದೇ ಥರ ಕೇಳಿಸುವ ಎಥಿಲೀನ್ ಗ್ಲೈಕಾಲ್ ವಾಹನದ ಕೂಲೆಂಟ್‌ಗೆ ಹಾಕುವ ವಿಷ, ಡಬ್ಬಿಯ ಲೇಬಲ್ ಎರಡು ಸಲ ಓದಿ. ಕುಡಿಸುವಾಗ ತಲೆಯನ್ನು ಮೇಲಕ್ಕೆತ್ತಿ ಹಿಡಿಯಬೇಡಿ, ನಾಲಿಗೆ ಎಳೆಯಬೇಡಿ, ಬಾಯಿಯ ಬದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿ. ಮಲಗಿ ಏಳದ, ನುಂಗಲಾರದ ಹಸುವಿಗೆ ಏನನ್ನೂ ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿದರೆ ಸಾಯುತ್ತದೆ. ನರಕ್ಕೆ ಡೆಕ್ಸ್‌ಟ್ರೋಸ್ ಹಾಕುವುದು, ಸ್ಟೆರಾಯ್ಡ್ ಕೊಡುವುದು ಡಾಕ್ಟರ ಕೆಲಸ.

ನಿಲ್ಲಬೇಕಾದ ಜಾಗ: ಕೀಟೋನ್ ಇದೆ, ಜೊತೆಗೆ ಜ್ವರವೂ ಇದೆ (ಸಹಜ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, 103 ದಾಟಿದರೆ ಜ್ವರ). ಬರೀ ಕೀಟೋಸಿಸ್‌ನಲ್ಲಿ ಜ್ವರ ಬರುವುದಿಲ್ಲ. ಗರ್ಭಕೋಶದ ಸೋಂಕು, ಕೆಚ್ಚಲು ಬಾವು, ತಂತಿ–ಮೊಳೆ ನುಂಗಿದ್ದು, ಇಂಥ ಯಾವುದೋ ಕಾರಣಕ್ಕೆ ಹಸು ಮೇವು ಬಿಟ್ಟು, ಅದರಿಂದ ಕೀಟೋನ್ ಬಂದಿದೆ. ಗ್ಲೈಕಾಲ್ ಕುಡಿಸುತ್ತಾ ಕೂತರೆ ಮೂಲ ಕಾಯಿಲೆ ಬೆಳೆಯುತ್ತದೆ. ಎರಡು ದಿನ ಔಷಧಿ ಕೊಟ್ಟರೂ ಪಟ್ಟಿಯ ಬಣ್ಣ ತಿಳಿಯಾಗದಿದ್ದರೂ ಇದೇ ಅರ್ಥ.

ಗಂಜಲ ಕೆಂಪಾಗಿದೆ, ಅಥವಾ ಕಾಫಿ ಡಿಕಾಕ್ಷನ್ ಥರ ಇದೆ

ಹೆದರುವ ಮೊದಲು ಬಾಲ ಎತ್ತಿ ನೋಡಿ. ಬೆದೆ ಮುಗಿದ ಒಂದರಿಂದ ಮೂರು ದಿನದೊಳಗೆ ಕೆಲವು ಹಸುಗಳಿಗೆ, ಅದರಲ್ಲೂ ಪಡ್ಡೆಗಳಿಗೆ, ಲೋಳೆಯ ಜೊತೆ ಸ್ವಲ್ಪ ರಕ್ತ ಹೋಗುತ್ತದೆ, ಅದು ಸಹಜ. ಕರು ಹಾಕಿದ ಎರಡು ವಾರದವರೆಗೆ ಮಾಸಿನ ಸ್ರಾವವೂ ಗಂಜಲಕ್ಕೆ ಬೆರೆಯುತ್ತದೆ. ನಡುವಿನ ಧಾರೆಯೂ ಕೆಂಪಗಿದ್ದರೆ ಮಾತ್ರ ಮುಂದೆ ಓದಿ.

ಆ ಧಾರೆಯನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಅಲ್ಲಾಡಿಸದೆ ಎರಡು ಗಂಟೆ ಕಿಟಕಿಯ ಬಳಿ ಇಡಿ. ಪಟ್ಟಿಯ ರಕ್ತದ ಚೌಕ ಇಡೀ ರಕ್ತಕಣಕ್ಕೂ ಬಣ್ಣ ತಿರುಗುತ್ತದೆ, ಒಡೆದ ಕಣದ ಬಣ್ಣಕ್ಕೂ ತಿರುಗುತ್ತದೆ. ಬಾಟಲಿ ಮಾತ್ರ ಎರಡನ್ನೂ ಬೇರೆ ಮಾಡಿ ತೋರಿಸುತ್ತದೆ. ತಳದಲ್ಲಿ ಕೆಂಪು ಗಸಿ ಕೂತು ಮೇಲಿನದು ಹಳದಿಯಾಗಿ ತಿಳಿಯಾದರೆ ರಕ್ತಕಣಗಳೇ ಬಂದಿವೆ, ಅಂದರೆ ಮೂತ್ರಕೋಶ ಅಥವಾ ಮೂತ್ರಪಿಂಡದಲ್ಲಿ ಎಲ್ಲೋ ರಕ್ತ ಸೋರುತ್ತಿದೆ. ಏನೂ ಕೂರದೆ ಇಡೀ ಬಾಟಲಿ ಒಂದೇ ಸಮ ಗಾಢ ಕೆಂಪು–ಕಂದಾಗಿ ಉಳಿದರೆ ರಕ್ತನಾಳದೊಳಗೇ ಕಣಗಳು ಒಡೆದು ಹಿಮೋಗ್ಲೋಬಿನ್ ಸೋರಿದೆ. ಎರಡನೆಯದು ತುರ್ತು.

*ಒಂದೇ ಸಮ ಕಂದು, ಜ್ವರ 104–106.* ಮೈಮೇಲೆ ಉಣ್ಣೆ ಇವೆಯೇ ನೋಡಿ. ಕಿವಿಯೊಳಗೆ, ಕೆಚ್ಚಲಿನ ಸಂದಿಯಲ್ಲಿ, ಬಾಲದ ಬುಡದಲ್ಲಿ ಹುಡುಕಿ. ಉಣ್ಣೆಯಿಂದ ಹರಡುವ ಬೆಬೆಸಿಯಾ ಎಂಬ ರೋಗಾಣು ರಕ್ತಕಣದೊಳಗೆ ಬೆಳೆದು ಅದನ್ನು ಒಡೆಯುತ್ತದೆ. ಒಸಡು ಮತ್ತು ಕಣ್ಣಿನ ಒಳರೆಪ್ಪೆ ಮೊದಲು ಬಿಳಚಿ, ಆಮೇಲೆ ಹಳದಿ. ನಾಟಿ ರಾಸುಗಳಿಗಿಂತ ಮಿಶ್ರತಳಿಗಳಲ್ಲಿ ಹೆಚ್ಚು ಜೋರು. ಕಿವಿಯ ನರದಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಲೇಪಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಖಚಿತ. ಇಂಜೆಕ್ಷನ್ ಕೊಡುವ ಮೊದಲೇ ಆ ಲೇಪ ತೆಗೆಸಿ, ಆಮೇಲೆ ರೋಗಾಣು ಸಿಗುವುದಿಲ್ಲ. ಡಾಕ್ಟರು ಸಾಮಾನ್ಯವಾಗಿ ಕೊಡುವ ಡೈಮಿನಜೀನ್ ದೇಹತೂಕದ ಕಿಲೋಗೆ 3.5 ಮಿ.ಗ್ರಾಂ. ಲೆಕ್ಕ, ಮಾಂಸಖಂಡಕ್ಕೆ ಆಳವಾಗಿ. ತೂಕ ಅಂದಾಜಿನಲ್ಲಿ ತಪ್ಪಿದರೆ ಔಷಧಿಯೂ ತಪ್ಪುತ್ತದೆ, ಆದ್ದರಿಂದ ಅಂಗಡಿಯಿಂದ ತಂದು ನೀವೇ ಚುಚ್ಚಬೇಡಿ. ಉಣ್ಣೆಯೂ ಇದೆ, ಜ್ವರವೂ ಇದೆ, ಮೈ ಬಿಳಚಿದೆ, ಆದರೆ ಗಂಜಲದ ಬಣ್ಣ ಹೆಚ್ಚೇನೂ ಬದಲಾಗಿಲ್ಲ, ಭುಜದ ಮುಂದೆ ಗಂಟು ಊದಿದೆ ಎಂದಾದರೆ ಅದು ಉಣ್ಣೆಯಿಂದಲೇ ಹರಡುವ ಇನ್ನೊಂದು ರೋಗಾಣು, ಥೈಲೇರಿಯಾ ಇರಬಹುದು. ಅದರ ಔಷಧಿಯೇ ಬೇರೆ.

*ಒಂದೇ ಸಮ ಕಂದು, ಜ್ವರವಿಲ್ಲ, ಕರು ಹಾಕಿ ಎರಡರಿಂದ ಆರು ವಾರ.* ರಂಜಕದ ಕೊರತೆ. ಬರೀ ಒಣಹುಲ್ಲು, ಕಬ್ಬಿನ ಸೋಗೆಯ ಮೇಲೆ ನಿಂತ ಹಸು–ಎಮ್ಮೆಗಳಲ್ಲಿ ಹೆಚ್ಚು. ಎಮ್ಮೆಗೆ ತುಂಬು ಗಬ್ಬದಲ್ಲೂ ಬರುತ್ತದೆ. ರಂಜಕ ಕಡಿಮೆಯಾದಾಗ ಕೆಂಪು ರಕ್ತಕಣಕ್ಕೆ ಶಕ್ತಿ ಸಾಲದೆ ಅದರ ಗೋಡೆ ಒಡೆಯುತ್ತದೆ. ಚಿಕಿತ್ಸೆ ಸೋಡಿಯಂ ಆಸಿಡ್ ಫಾಸ್ಫೇಟ್, 60 ಗ್ರಾಂ 300 ಮಿ.ಲೀ. ಶುದ್ಧೀಕರಿಸಿದ ನೀರಿನಲ್ಲಿ, ನರಕ್ಕೆ ನಿಧಾನವಾಗಿ. ಇದನ್ನು ಕ್ಯಾಲ್ಸಿಯಂ ಬಾಟಲಿಗೆ ಬೆರೆಸಿದರೆ ಗಸಿ ಕಟ್ಟುತ್ತದೆ. ಆಮೇಲೆ ಮೇವಿಗೆ ಗೋಧಿ ಬೂಸ ಅಥವಾ ಅಕ್ಕಿ ತೌಡು ಸೇರಿಸಿ, ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ ಕೊಡಿ. ಬೂಸದಲ್ಲಿ ರಂಜಕ ಧಾರಾಳ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಟಗರಿನ ವಿಷಯದಲ್ಲಿ ಇದೇ ಬೂಸ ಅಪರಾಧಿಯಾಗುತ್ತದೆ.

*ಕರುವಿನ ಗಂಜಲ ಇದ್ದಕ್ಕಿದ್ದಂತೆ ಕೆಂಪು.* ಬಿಸಿಲಿನಲ್ಲಿ ಬಾಯಾರಿದ ಕರು ಒಂದೇ ಏಟಿಗೆ ಬಕೆಟ್‌ಗಟ್ಟಲೆ ನೀರು ಕುಡಿದಿದೆಯೇ ಕೇಳಿ. ರಕ್ತ ತೆಳುವಾಗಿ ಕಣಗಳು ಉಬ್ಬಿ ಒಡೆಯುತ್ತವೆ. ಕುಡಿದ ಕೆಲವೇ ಗಂಟೆಯಲ್ಲಿ ಕಾಣುತ್ತದೆ. ಮುಂದೆ ನೀರನ್ನು ಸ್ವಲ್ಪ ಸ್ವಲ್ಪವೇ, ಹಲವು ಸಲ ಕೊಡಿ. ತೂರಾಡಿದರೆ ಅಥವಾ ಸೆಟೆದುಕೊಂಡರೆ ತಕ್ಷಣ ಡಾಕ್ಟರ್.

*ಜ್ವರ, ಕೆಂಪು ಗಂಜಲ, ಗಬ್ಬ ಕಂದು ಹಾಕಿದೆ.* ಇಲಿ ಜ್ವರವೆಂದೇ ಭಾವಿಸಿ ನಡೆದುಕೊಳ್ಳಿ. ಕಂದಿದ ಕರು, ಮಾಸು, ಗಂಜಲ ಯಾವುದನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ಹಾಲು ಕಾಯಿಸದೆ ಕುಡಿಯಬೇಡಿ. ಮನೆಯಲ್ಲಿ ಯಾರಿಗಾದರೂ ಜ್ವರ, ಮೈಕೈ ನೋವು, ಕಣ್ಣು ಕೆಂಪಾದರೆ ವೈದ್ಯರಿಗೆ ರಾಸುವಿನ ವಿಷಯವನ್ನೂ ಹೇಳಿ.

*ತಳದಲ್ಲಿ ಗಸಿ ಕೂರುವ ಕೆಂಪು, ತಿಂಗಳುಗಟ್ಟಲೆ ಬಂದು ಹೋಗಿ ಮಾಡುತ್ತದೆ.* ಕಾಡಂಚಿನಲ್ಲಿ ಮೇಯುವ ರಾಸುಗಳು ಬ್ರಾಕನ್ ಎಂಬ ಜರಿಗಿಡವನ್ನು ವರ್ಷಗಟ್ಟಲೆ ತಿಂದರೆ ಅದರ ವಿಷಕ್ಕೆ ಮೂತ್ರಕೋಶದಲ್ಲಿ ಗಡ್ಡೆ ಏಳುತ್ತದೆ. ಗಡ್ಡೆ ಎದ್ದ ಮೇಲೆ ಮಾಡುವಂಥದ್ದು ಹೆಚ್ಚಿಲ್ಲ. ಮೇಯುವ ಜಾಗ ಬದಲಿಸುವುದು ಉಳಿದ ರಾಸುಗಳಿಗಾಗಿ. ಆ ವಿಷ ಹಾಲಿನಲ್ಲೂ ಬರುತ್ತದೆ.

ಗಂಜಲದ ಬಣ್ಣ ಏನೇ ಇರಲಿ, ಒಸಡು ಕಾಗದದಂತೆ ಬಿಳಿಚಿ, ನಿಂತಲ್ಲೇ ಏದುಸಿರು ಬಿಡುತ್ತಿದ್ದರೆ ರಕ್ತ ತೀರ ಕಡಿಮೆಯಾಗಿದೆ. ಅದನ್ನು ನಡೆಸಿಕೊಂಡು ಆಸ್ಪತ್ರೆಗೆ ಹೊರಡಬೇಡಿ, ದಾರಿಯಲ್ಲೇ ಬೀಳಬಹುದು. 1962ಕ್ಕೆ ಕರೆ ಮಾಡಿ, ಪಶು ಸಂಜೀವಿನಿ ವಾಹನ ಮನೆಬಾಗಿಲಿಗೆ ಬರಲಿ.

ಟಗರು ಅಥವಾ ಹೋತ ತಿಣುಕುತ್ತಿದೆ, ಗಂಜಲ ಹನಿ ಹನಿ

ಇಲ್ಲಿ ಪರೀಕ್ಷೆಗಿಂತ ವೇಗ ಮುಖ್ಯ. ಬಕ್ರೀದ್‌ಗೆಂದು ಕೊಬ್ಬಿಸುತ್ತಿರುವ ಟಗರು ಬಾಲ ಕುಣಿಸುತ್ತಾ, ಕಾಲು ಅಗಲಿಸಿ ತಿಣುಕಿದರೆ ಮಲಬದ್ಧತೆ ಎಂದುಕೊಂಡು ಎಣ್ಣೆ ಕುಡಿಸಿ ಒಂದು ದಿನ ಕಳೆಯುತ್ತಾರೆ. ಅಷ್ಟರಲ್ಲಿ ಮೂತ್ರಕೋಶ ಒಡೆದಿರುತ್ತದೆ.

ಮೂತ್ರದ್ವಾರದ ಕೂದಲನ್ನು ಬೆರಳಿನ ನಡುವೆ ಉಜ್ಜಿ. ಒಣಗಿದೆಯೇ? ಮರಳಿನಂಥ ಕಾಳು ಸಿಗುತ್ತದೆಯೇ? ಸಿಕ್ಕರೆ ಮೂತ್ರದಲ್ಲಿ ಕಲ್ಲು. ಬೂಸ, ತೌಡು, ಜೋಳದ ಮೇಲೆ ಬೆಳೆದ ಗಂಡು ಕುರಿಯ ಗಂಜಲದಲ್ಲಿ ರಂಜಕ ಹೆಚ್ಚಾಗಿ, ಕ್ಷಾರದ ಗಂಜಲದಲ್ಲಿ ಅದು ಮೆಗ್ನೀಸಿಯಂ, ಅಮೋನಿಯಾ ಜೊತೆ ಹರಳುಗಟ್ಟುತ್ತದೆ. ಟಗರು–ಹೋತಗಳ ಶಿಶ್ನದ ತುದಿಯಲ್ಲಿ ಎರೆಹುಳದಂಥ ಸಣ್ಣ ಬಾಲ ಇದೆ. ಕಲ್ಲು ಮೊದಲು ಸಿಕ್ಕಿಕೊಳ್ಳುವುದು ಅಲ್ಲೇ, ಅದನ್ನು ಕತ್ತರಿಸಿ ಬಿಡಿಸುವುದು ಡಾಕ್ಟರ ಕೈಯಲ್ಲಿ ನಿಮಿಷದ ಕೆಲಸ. ಮೇಲೆ ಎಲ್ಲೋ ಸಿಕ್ಕಿದ್ದರೆ ಶಸ್ತ್ರಚಿಕಿತ್ಸೆ.

ಮೂತ್ರ ಇಳಿಸುವ ಔಷಧಿ ಕೊಡಬೇಡಿ, ಬಲವಂತವಾಗಿ ನೀರು ಕುಡಿಸಬೇಡಿ. ಹೊರದಾರಿ ಮುಚ್ಚಿರುವಾಗ ಒಳಗೆ ತುಂಬಿಸಿದಷ್ಟೂ ಬೇಗ ಒಡೆಯುತ್ತದೆ. ತಿಣುಕುತ್ತಿದ್ದ ಟಗರು ತಾನಾಗಿ ಸುಮ್ಮನಾಗಿ, ಮರುದಿನ ಹೊಟ್ಟೆ ಎರಡೂ ಬದಿ ಜೋತುಬಿದ್ದರೆ ವಾಸಿಯಾಯಿತು ಎಂದು ಸಮಾಧಾನಪಡಬೇಡಿ, ಅದು ಒಡೆದ ಲಕ್ಷಣ.

ಉಳಿದ ಟಗರುಗಳಿಗೆ ಅಂದೇ ಮೇವು ಬದಲಿಸಿ: ಕ್ಯಾಲ್ಸಿಯಂ–ರಂಜಕ 2:1 ಬರುವಂತೆ ಸುಣ್ಣಕಲ್ಲಿನ ಪುಡಿ, ಒಣಮೇವು ಹೆಚ್ಚು, ಸದಾ ಶುದ್ಧ ನೀರು, ಮೇವಿನ ಶೇ. 0.5ರಿಂದ 1ರಷ್ಟು ಅಮೋನಿಯಂ ಕ್ಲೋರೈಡ್. ಗಂಜಲದ ಪಿಎಚ್ 6ರಿಂದ 6.5ಕ್ಕೆ ಇಳಿದರೆ ಹರಳು ಕಟ್ಟುವುದು ನಿಲ್ಲುತ್ತದೆ. ವಾರಕ್ಕೊಮ್ಮೆ ಕಾಗದದಲ್ಲಿ ನೋಡಿ.

ಹೆಣ್ಣು ರಾಸುವಿನಲ್ಲಿ ಕಲ್ಲು ಸಿಕ್ಕಿಕೊಳ್ಳುವುದು ಅಪರೂಪ, ಮೂತ್ರನಾಳ ಅಗಲ. ಅದು ಹನಿ ಹನಿ ಹಾಕುತ್ತಾ, ಗಂಜಲ ಕದಡಿ, ಹೊಸದರಲ್ಲೇ ಅಮೋನಿಯಾ ಘಾಟು ಹೊಡೆದರೆ ಮೂತ್ರಕೋಶದ ಸೋಂಕು. ಆಂಟಿಬಯಾಟಿಕ್ ಹೆಸರನ್ನು ಲ್ಯಾಬು ನಿರ್ಧರಿಸಲಿ.

ಪಿಎಚ್ ಕಾಗದ 6ಕ್ಕಿಂತ ಕೆಳಗೆ ತೋರಿಸುತ್ತಿದೆ

ಮೊದಲು ಬಾನಿ ಮತ್ತು ಪಾತ್ರೆ ನೋಡಿ. ಹಬ್ಬದ ಮರುದಿನ ಉಳಿದ ಅನ್ನ, ಪಾಯಸ, ಮುದ್ದೆಯನ್ನು ಹಸುವಿಗೆ ಸುರಿದಿದ್ದರೆ ಉತ್ತರ ಸಿಕ್ಕಿತು. ಮೆಲುಕು ಚೀಲದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ ರಕ್ತಕ್ಕೆ ಇಳಿಯುತ್ತದೆ, ಅದನ್ನು ಹೊರಹಾಕುವ ಗಂಜಲವೂ ಹುಳಿಯಾಗುತ್ತದೆ. ಎಡಹೊಟ್ಟೆ ಉಬ್ಬಿ, ಮೆಲುಕು ನಿಂತು, ಹುಳಿ ವಾಸನೆಯ ತೆಳು ಸಗಣಿ. ಹಸು ಇನ್ನೂ ನಿಂತು ಓಡಾಡುತ್ತಿದ್ದರೆ 100–150 ಗ್ರಾಂ ಅಡುಗೆ ಸೋಡಾವನ್ನು ಒಂದು ಲೀಟರ್ ನೀರಿನಲ್ಲಿ ಕುಡಿಸಿ, ಕಾಳು–ಹಿಂಡಿ ನಿಲ್ಲಿಸಿ, ಒಣಹುಲ್ಲು ಮಾತ್ರ ಇಡಿ. ಕಣ್ಣು ಗುಳಿ ಬಿದ್ದು, ತೂರಾಡಿ ಮಲಗಿದರೆ ಮನೆಮದ್ದಿನ ಹೊತ್ತು ಮುಗಿದಿದೆ.

ಕರು ಹಾಕುವ ಮೂರು ವಾರ ಮೊದಲಿನಿಂದ ಹಾಲುಜ್ವರ (ರಕ್ತದ ಕ್ಯಾಲ್ಸಿಯಂ ಇಳಿದು ಹಸು ಬೀಳುವ ಕಾಯಿಲೆ) ತಡೆಯಲು ಆನಯಾನಿಕ್ ಲವಣ (ಮೈಯನ್ನು ತುಸು ಆಮ್ಲದ ಕಡೆಗೆ ತಿರುಗಿಸುವ ಲವಣ) ಕೊಡುತ್ತಿದ್ದರೆ ಕಡಿಮೆ ಪಿಎಚ್ ಬೇಕೆಂದೇ ತಂದದ್ದು: ಎಚ್‌ಎಫ್‌ಗೆ 6.2–6.8. ಇನ್ನೂ 8 ತೋರಿಸಿದರೆ ಲವಣ ಹೊಟ್ಟೆಗೆ ಹೋಗುತ್ತಿಲ್ಲ, ರುಚಿ ಹಿಡಿಸದೆ ಬಾನಿಯಲ್ಲೇ ಬಿಟ್ಟಿದೆ. 5.5ಕ್ಕೆ ಇಳಿದರೆ ಪ್ರಮಾಣ ತಗ್ಗಿಸಿ.

ಇನ್ನೊಂದು ವಿಚಿತ್ರ ಇದೆ. ಕರು ಹಾಕಿ ಕೆಲವು ವಾರವಾದ ಹಸು, ಸಗಣಿ ತೀರ ಕಡಿಮೆ, ಕೀಟೋನ್ ಇದೆ, ಗಂಜಲ ಆಮ್ಲೀಯ, ಆದರೆ ಕಾಳು ತಿಂದ ಇತಿಹಾಸವಿಲ್ಲ. ನಾಲ್ಕನೆಯ ಹೊಟ್ಟೆ ಜಾಗ ತಪ್ಪಿ ಎಡಕ್ಕೆ ಸರಿದಿರಬಹುದು. ಆಗ ರಕ್ತ ಕ್ಷಾರವಾಗಿರುತ್ತದೆ, ಗಂಜಲ ಮಾತ್ರ ಆಮ್ಲೀಯ. ಸೋಡಾ ಕುಡಿಸಿದರೆ ಇನ್ನಷ್ಟು ಕೆಡುತ್ತದೆ. ಡಾಕ್ಟರು ಪಕ್ಕೆ ಬಡಿದು ಕೇಳಿದರೆ ಲೋಹ ತಟ್ಟಿದಂಥ ಸದ್ದು ಬರುತ್ತದೆ.

ಕಡು ಹಳದಿ, ನೊರೆಯೂ ಹಳದಿ

ನಿನ್ನೆ ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಆಗಿದ್ದರೆ ಬಣ್ಣ ಅದರದ್ದೇ, ಒಂದು ದಿನ ಕಾಯಿರಿ. ಬೇಸಿಗೆಯಲ್ಲಿ ನೀರು ಸಾಲದಿದ್ದರೂ ಗಾಢವಾಗುತ್ತದೆ. ಎರಡೂ ಅಲ್ಲದಿದ್ದರೆ ಬಾಟಲಿ ಮುಚ್ಚಿ ಜೋರಾಗಿ ಅಲ್ಲಾಡಿಸಿ: ನೊರೆ ಬಿಳಿಯಿದ್ದರೆ ಸರಿ, ನೊರೆಯೇ ಹಳದಿ–ಹಸಿರಾದರೆ ಪಿತ್ತದ ಬಣ್ಣ ಇಳಿಯುತ್ತಿದೆ. ಕಣ್ಣಿನ ಬಿಳಿಯೂ ಹಳದಿಯಾಗಿದ್ದರೆ ಯಕೃತ್ತು ಅಥವಾ ರಕ್ತಕಣದ ಕಾಯಿಲೆ, ಮೇಲಿನ ಕೆಂಪು ಗಂಜಲದ ಭಾಗಕ್ಕೆ ಮರಳಿ.

ಬೆದೆ ಗೊತ್ತಾಗುತ್ತಿಲ್ಲ; ಗಬ್ಬ ನಿಂತಿದೆಯೋ ಇಲ್ಲವೋ ತಿಳಿಯುತ್ತಿಲ್ಲ

ಬೆದೆಯ ಹಸು ಸ್ವಲ್ಪ ಸ್ವಲ್ಪವೇ ಮತ್ತೆ ಮತ್ತೆ ಗಂಜಲ ಹಾಕುತ್ತದೆ. ಅದನ್ನು ಮೂಸಿದ ಹೋರಿ ಕುತ್ತಿಗೆ ಎತ್ತಿ ಮೇಲ್ತುಟಿ ಸುರುಳಿ ಮಾಡಿ ಕೆಲವು ಕ್ಷಣ ನಿಲ್ಲುತ್ತದೆ. ಬಾಯಿಯ ಮೇಲ್ಛಾವಣಿಯಲ್ಲಿರುವ ಅಂಗಕ್ಕೆ ವಾಸನೆಯ ಕಣ ಎಳೆದುಕೊಳ್ಳುವ ಬಗೆ ಅದು. ಆನೆಗಳಲ್ಲಿ ಈ ಸಂಕೇತದ ರಾಸಾಯನಿಕವೇ ಗೊತ್ತಿದೆ: ಏಷ್ಯಾದ ಹೆಣ್ಣಾನೆ ಅಂಡ ಬಿಡುವ ಮೊದಲು ಮೂತ್ರದಲ್ಲಿ ಬಿಡುವ ವಸ್ತುವನ್ನು 1996ರಲ್ಲಿ ಗುರುತಿಸಿದರು. ಹಲವು ಜಾತಿಯ ಹೆಣ್ಣು ಪತಂಗಗಳು ಗಂಡನ್ನು ಕರೆಯಲು ಬಳಸುವುದೂ ಅದನ್ನೇ. ಹಸುವಿಗೆ ಅಂಥ ನಂಬುವಂಥ ಪಟ್ಟಿ ನಮ್ಮ ಅಂಗಡಿಗಳಿಗೆ ಬಂದಿಲ್ಲ. ಲೋಳೆ, ಕೂಗು, ಇನ್ನೊಂದು ಹಸು ಹತ್ತಿದಾಗ ಅಲುಗದೆ ನಿಲ್ಲುವುದು, ಇವನ್ನೇ ಬೆಳಗ್ಗೆ ಸಂಜೆ ನೋಡಿ 21 ದಿನದ ಲೆಕ್ಕ ಇಡಬೇಕು.

ಗಬ್ಬಕ್ಕೆ ಅಗ್ಗದ ಪರೀಕ್ಷೆ ಒಂದಿದೆ, ಪುಣ್ಯಕೋಟಿ ಪರೀಕ್ಷೆ. ಹೆಸರು ನಮ್ಮದೇ, ತಂತ್ರ ಮಾತ್ರ ಪ್ರಾಚೀನ ಈಜಿಪ್ಟಿನವರು ಹೆಂಗಸರ ಬಸಿರು ತಿಳಿಯಲು ಕಾಳು ಮೊಳೆಸುತ್ತಿದ್ದುದರಿಂದ ಬಂದದ್ದು. ಮಾಡುವ ಬಗೆ ಹೀಗೆ: ಒಂದು ಪಾಲು ಗಂಜಲಕ್ಕೆ ನಾಲ್ಕು ಪಾಲು ಶುದ್ಧೀಕರಿಸಿದ ನೀರು ಬೆರೆಸಿ, ತಟ್ಟೆಯಲ್ಲಿ ಕಾಗದ ಹಾಸಿ 15 ಗೋಧಿ ಕಾಳು ಇಟ್ಟು ಅದರಲ್ಲಿ 15 ಮಿ.ಲೀ. ಹುಯ್ಯಿರಿ. ಎರಡನೆಯ ತಟ್ಟೆಗೆ ಬರೀ ನೀರು, ಮೂರನೆಯದಕ್ಕೆ ಗಬ್ಬವಿಲ್ಲವೆಂದು ಖಚಿತವಿರುವ ಹಸುವಿನ ಗಂಜಲ, ಅದೇ ಅಳತೆಯಲ್ಲಿ. ಐದು ದಿನ ಬಿಟ್ಟು ಎಣಿಸಿ. ಗಬ್ಬದ ಹಸುವಿನ ತಟ್ಟೆಯಲ್ಲಿ ಮೊಳಕೆ ಬಹಳ ಕಡಿಮೆ, ಬಂದದ್ದೂ ಗಿಡ್ಡ.

ಕೆಡುವುದು ಎಲ್ಲಿ ಅಂದರೆ, ಗಂಜಲ ಗಾಢವಾಗಿದ್ದರೆ ಅದರ ಲವಣ ಮತ್ತು ಯೂರಿಯಾವೇ ಕಾಳನ್ನು ಕೊಲ್ಲುತ್ತದೆ, ಗಬ್ಬವಿಲ್ಲದ ಹಸುವೂ ಗಬ್ಬ ಎನಿಸುತ್ತದೆ. ಹಳೆಯ ಅಥವಾ ಔಷಧಿ ಸವರಿದ ಬಿತ್ತನೆ ಗೋಧಿಯಾದರೂ ಹಾಗೇ. ಮೂರನೆಯ ತಟ್ಟೆ ಇಡದೆ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ. ಅದರಲ್ಲೂ ಮೊಳಕೆ ಬಾರದಿದ್ದರೆ ಇಡೀ ಫಲಿತಾಂಶ ರದ್ದು. ಬೇರಿಯಂ ಕ್ಲೋರೈಡ್ ಹನಿ ಹಾಕಿ ಬಿಳಿ ಗಸಿ ಬರುತ್ತದೆಯೇ ನೋಡುವ ಇನ್ನೊಂದು ಪರೀಕ್ಷೆಯೂ ಬಳಕೆಯಲ್ಲಿದೆ. ಆ ಪುಡಿ ವಿಷ, ಮಕ್ಕಳಿರುವ ಮನೆಗೆ ತರಬೇಡಿ.

ಕಾಳು ಏನೇ ಹೇಳಲಿ, ಬರೀ ಅದರ ಮಾತಿನ ಮೇಲೆ ಗಬ್ಬ ಇಳಿಸುವ ಅಥವಾ ಬೆದೆ ಬರಿಸುವ ಇಂಜೆಕ್ಷನ್ ಹಾಕಿಸಬೇಡಿ. ಕೃತಕ ಗರ್ಭಧಾರಣೆ ಆದ 60ರಿಂದ 90 ದಿನಕ್ಕೆ ಡಾಕ್ಟರ ಕೈಯಿಂದ ಪರೀಕ್ಷೆ ಮಾಡಿಸಿ, ದಿನಾಂಕವನ್ನು ಹಸುವಿನ ಕಿವಿಯೋಲೆ ಸಂಖ್ಯೆಯ ಪಕ್ಕದಲ್ಲಿ ಬರೆದಿಡಿ.